ಭಟ್ಟಿ ಹೊಗೆ, ಕ್ರಷರ್ ಧೂಳು, ವಾಸಿಯಾಗದ ಕೆಮ್ಮು: ಮಾಡಿದ ಕೆಲಸದ ವಿಚಾರ ಡಾಕ್ಟರಿಗೆ ಹೇಳಿದ್ದೀರಾ?

ಪ್ರಶ್ನೆ: ನಾವು ದಾವಣಗೆರೆಯವರು. ನಮ್ಮ ಮನೆಯವರಿಗೆ 46 ವರ್ಷ. ಮದುವೆಗೆ ಮುಂಚೆ ಚಿತ್ರದುರ್ಗದ ಹತ್ತಿರ ಕಲ್ಲು ಕ್ರಷರ್‌ನಲ್ಲಿ ಏಳೆಂಟು ವರ್ಷ ದುಡಿದಿದ್ದರು. ಆಮೇಲೆ ಇಲ್ಲಿ ಮಂಡಕ್ಕಿ ಭಟ್ಟಿ ಸೇರಿದರು, ಈಗ ಹದಿನಾರು ವರ್ಷ ಆಯ್ತು. ಮೊದಲು ಒಲೆಗೆ ಹಳೆ ಟೈರ್ ಹಾಕುತ್ತಿದ್ದರು. ಈಗ ಭತ್ತದ ಹೊಟ್ಟು, ಸೌದೆ, ಒಮ್ಮೊಮ್ಮೆ ಟೈರೂ ಬರುತ್ತೆ. ಎರಡು ವರ್ಷದಿಂದ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಕಫದಲ್ಲಿ ಟಿಬಿ ಸಿಗಲಿಲ್ಲ, ಆದರೂ ಎಕ್ಸ್‌ರೇ ನೋಡಿ ಆರು ತಿಂಗಳು ಟಿಬಿ ಮಾತ್ರೆ ಕೊಟ್ಟರು. ಕೆಮ್ಮು ಹೋಗಲಿಲ್ಲ. ಬೀಡಿ ಸೇದುತ್ತಾರೆ. ಜೊತೆಗೆ ಕೆಲಸ ಮಾಡ್ತಿದ್ದ ಒಬ್ಬರು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಹೋದ ಮೇಲೆ ನನಗೆ ನಿದ್ದೆ ಇಲ್ಲ. ಇವರಿಗೂ ಬರುತ್ತಾ? ಕೆಲಸ ಬಿಡಿಸಬೇಕಾ? ಮಾಸ್ಕ್ ಹಾಕಿದರೆ ಸಾಕಾ? ಏನಾದರೂ ಆದರೆ ಪರಿಹಾರ ಸಿಗುತ್ತಾ?

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಗೇ ಮೊದಲು ಬರುತ್ತೇನೆ. ಇವರಿಗೆ ಕ್ಯಾನ್ಸರ್ ಬಂದೇ ಬರುತ್ತದೆ ಅಂತ ಯಾವ ಡಾಕ್ಟರೂ ಹೇಳಲಾರರು. ಇಂಥ ಕೆಲಸ ಮಾಡಿದ ಹೆಚ್ಚಿನವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವುದಿಲ್ಲ. ಆದರೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ ಇದೆ, ಅದನ್ನು ಮುಚ್ಚಿಟ್ಟು ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ.

ಇನ್ನೊಂದು ಮಾತು. ನಿಮ್ಮ ಪ್ರಶ್ನೆ ಓದಿದಾಗ ನನ್ನ ತಲೆಗೆ ಮೊದಲು ಬಂದದ್ದು ಕ್ಯಾನ್ಸರ್ ಅಲ್ಲ, ಸಿಲಿಕೋಸಿಸ್. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತು ಗಾಯದ ಗಂಟು ಕಟ್ಟಿಸುವ ಕಾಯಿಲೆ ಅದು. ಎರಡು ವರ್ಷದ ಕೆಮ್ಮು, ಏದುಸಿರು, ಹಿಂದೆ ಕ್ರಷರ್ ಕೆಲಸ, ಕಫದಲ್ಲಿ ಟಿಬಿ ಇಲ್ಲ, ಮಾತ್ರೆ ನುಂಗಿದರೂ ಗುಣ ಇಲ್ಲ. ಇಷ್ಟೂ ಒಟ್ಟಿಗೆ ಇದ್ದಾಗ ಸಿಲಿಕೋಸಿಸ್ ಇದೆಯಾ ಅಂತ ನೋಡಲೇಬೇಕು. ಈ ಎರಡು ವರ್ಷದಲ್ಲಿ ಆಸ್ಪತ್ರೆಯಲ್ಲಿ ಯಾರಾದರೂ "ಏನು ಕೆಲಸ ಮಾಡ್ತೀರಿ, ಅದಕ್ಕೂ ಮುಂಚೆ ಏನು ಮಾಡ್ತಿದ್ರಿ" ಅಂತ ಕೇಳಿದ್ದಾರಾ? ಕೇಳಿರಲಿಕ್ಕಿಲ್ಲ. ಕೇಸ್ ಶೀಟಿನಲ್ಲಿ 'ಕೂಲಿ' ಅಂತ ಒಂದು ಪದ ಬರೆದಿರುತ್ತಾರೆ, ಅಷ್ಟೇ. ಆ ಒಂದು ಪದದಲ್ಲಿ ಕ್ರಷರ್ರೂ ಮುಚ್ಚಿಹೋಗುತ್ತದೆ, ಟೈರ್ ಹೊಗೆಯೂ ಮುಚ್ಚಿಹೋಗುತ್ತದೆ. ಒಪಿಡಿಯಲ್ಲಿ ನೂರಾರು ಜನ ಸಾಲು ನಿಂತಿರುವಾಗ ಡಾಕ್ಟರಿಗೆ ಕೇಳುವಷ್ಟು ಹೊತ್ತು ಸಿಗುವುದಿಲ್ಲ, ನಿಜ. ಅದಕ್ಕೇ ಅವರು ಕೇಳುವ ತನಕ ಕಾಯಬೇಡಿ, ನೀವೇ ಬರೆದುಕೊಂಡು ಹೋಗಿ. ಈ ಉತ್ತರದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಲಿ.

ಒಂದು ಹಾಳೆ ಸಾಕು. ಮೊದಲ ಕೆಲಸ ಸೇರಿದ ವರ್ಷದಿಂದ ಶುರು ಮಾಡಿ. ಯಾವ ಊರು, ಯಾವ ಕೆಲಸ, ಎಷ್ಟು ವರ್ಷ, ದಿನಕ್ಕೆ ಎಷ್ಟು ತಾಸು. ಕ್ರಷರ್‌ನಲ್ಲಿ ಅವರು ಕಲ್ಲು ತುಂಬುತ್ತಿದ್ದರಾ, ಜರಡಿ ಹತ್ತಿರ ನಿಲ್ಲುತ್ತಿದ್ದರಾ, ಡ್ರಿಲ್ ಹೊಡೆಯುತ್ತಿದ್ದರಾ? ನೀರು ಸಿಂಪಡಿಸುತ್ತಿದ್ದರಾ, ಒಣ ಧೂಳೇ ಇತ್ತಾ? ಭಟ್ಟಿಯಲ್ಲಿ ಒಲೆಗೆ ಉರುವಲು ಹಾಕುವವರಾ, ಹುರಿಯುವವರಾ, ಜರಡಿ ಹಿಡಿಯುವವರಾ? ಟೈರ್ ಯಾವ ವರ್ಷದಿಂದ ಯಾವ ವರ್ಷದ ತನಕ? ಬೀಡಿ ದಿನಕ್ಕೆ ಎಷ್ಟು, ಯಾವ ವಯಸ್ಸಿನಿಂದ? ಜೊತೆಗೆ ದುಡಿದವರಲ್ಲಿ ಯಾರಿಗೆ ಏನು ಕಾಯಿಲೆ ಆಯ್ತು ಅನ್ನುವುದನ್ನೂ ಸೇರಿಸಿ. ಹಳೆ ಎಕ್ಸ್‌ರೇಗಳನ್ನು ಬಿಸಾಕಿದ್ದರೆ ಆಸ್ಪತ್ರೆಯಲ್ಲಿ ಸಿಗುತ್ತದಾ ವಿಚಾರಿಸಿ. ಎರಡು ವರ್ಷದ ಹಿಂದಿನ ಚಿತ್ರ ಮತ್ತು ಇವತ್ತಿನ ಚಿತ್ರ ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುವಷ್ಟು ಒಂದೇ ಚಿತ್ರದಲ್ಲಿ ತಿಳಿಯುವುದಿಲ್ಲ.

ಕ್ರಷರ್ ಬಿಟ್ಟು ಹದಿನಾರು ವರ್ಷ ಆದಮೇಲೆ ಈಗ ಹೇಗೆ ಅಂತ ನೀವು ಕೇಳಬಹುದು. ಸಿಲಿಕೋಸಿಸ್ ಸ್ವಭಾವವೇ ಹಾಗೆ. ಧೂಳಿನ ಕೆಲಸ ಶುರುವಾಗಿ ಹತ್ತು ವರ್ಷ, ಇಪ್ಪತ್ತು ವರ್ಷ ಆದಮೇಲೆ ಕಾಣಿಸಿಕೊಳ್ಳುವುದು ಮಾಮೂಲು. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು. ಒಳಗೆ ಹೋದ ಸಣ್ಣ ಕಣವನ್ನು ಶ್ವಾಸಕೋಶದ ಕಾವಲು ಜೀವಕೋಶ ನುಂಗುತ್ತದೆ, ಅರಗಿಸಿಕೊಳ್ಳಲು ಆಗದೆ ಸಾಯುತ್ತದೆ. ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಜೀವಕೋಶ ಅದನ್ನು ನುಂಗುತ್ತದೆ. ಹೀಗೆ ವರ್ಷಗಟ್ಟಲೆ ಉರಿಯೂತ ನಡೆದು ಗಂಟು ಕಟ್ಟುತ್ತಾ ಹೋಗುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಆಳಕ್ಕೆ ಇಳಿಯುವುದು ಕಣ್ಣಿಗೆ ಕಾಣದ, ನಾಲ್ಕು ಮೈಕ್ರಾನ್‌ಗಿಂತ ಸಣ್ಣ ಕಣಗಳು. ಹಾಗಾಗಿ "ನಮ್ಮಲ್ಲಿ ಅಷ್ಟೇನೂ ಧೂಳಿಲ್ಲ ಸಾರ್" ಅನ್ನುವ ಮಾತನ್ನು ನಾನು ಅಳತೆಯಾಗಿ ತೆಗೆದುಕೊಳ್ಳುವುದಿಲ್ಲ.

ಇದರ ಎಕ್ಸ್‌ರೇ ಟಿಬಿಯ ಥರವೇ ಕಾಣುತ್ತದೆ, ಅದೇ ತೊಂದರೆ. ಎರಡೂ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗವನ್ನು ಹಿಡಿಯುತ್ತವೆ. ಜೊತೆಗೆ ಸಿಲಿಕೋಸಿಸ್ ಇದ್ದವರಿಗೆ ಟಿಬಿ ತಗಲುವ ಅಪಾಯವೂ ಹಲವು ಪಟ್ಟು ಜಾಸ್ತಿ. ಅಂದರೆ ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದ ಟಿಬಿ ಮಾತ್ರೆ ಕೊಟ್ಟ ಡಾಕ್ಟರು ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ, ಕಫದಲ್ಲಿ ಸಿಗದಿದ್ದರೂ ಟಿಬಿ ಇರುವುದುಂಟು. ಮುಂದೆ ಯಾವಾಗಲಾದರೂ ಟಿಬಿ ಮಾತ್ರೆ ಶುರುವಾದರೆ ನೀವಾಗಿ ನಿಲ್ಲಿಸಲೂ ಬೇಡಿ. ಈಗ ಕೇಳಬೇಕಾದ್ದು ಇಷ್ಟು: ಕಫವನ್ನು ಸಿಬಿನಾಟ್ ಅಥವಾ ಟ್ರೂನಾಟ್ (ಟಿಬಿ ರೋಗಾಣುವಿನ ಗುರುತು ಹುಡುಕುವ) ಪರೀಕ್ಷೆಗೆ ಮತ್ತೆ ಕಳಿಸಿ, ಎದೆಯ ಹೊಸ ಎಕ್ಸ್‌ರೇ ತೆಗೆಸಿ, ಉಸಿರಿನ ಸಾಮರ್ಥ್ಯ ನೋಡುವ ಸ್ಪೈರೋಮೆಟ್ರಿ ಮಾಡಿ, ಅನುಮಾನ ಉಳಿದರೆ ಎಚ್‌ಆರ್‌ಸಿಟಿ, ಅಂದರೆ ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಶುರು ಮಾಡಿ. ನಗರದಲ್ಲಿ ಮೆಡಿಕಲ್ ಕಾಲೇಜುಗಳೂ ಇವೆ, ಶ್ವಾಸಕೋಶ ವಿಭಾಗದ ವೈದ್ಯರನ್ನೇ ಕೇಳಿ ನೋಡಿ. ಗಂಟು ಅನುಮಾನದ್ದಾಗಿ ಕಂಡರೆ ಅವರೇ ಬಯಾಪ್ಸಿಗೆ (ಗಂಟಿನ ಚೂರು ತೆಗೆದು ನೋಡುವ ಪರೀಕ್ಷೆಗೆ) ಹೇಳುತ್ತಾರೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಲೂಬಹುದು. ಕಿದ್ವಾಯಿ ಹೆಸರು ಕೇಳಿದ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಹೋದವರಲ್ಲಿ ಎಷ್ಟೋ ಜನ 'ಕ್ಯಾನ್ಸರ್ ಅಲ್ಲ' ಅನ್ನುವ ಚೀಟಿ ಹಿಡಿದೇ ವಾಪಸ್ ಬರುತ್ತಾರೆ.

ರಕ್ತ ಪರೀಕ್ಷೆಯ 'ಕ್ಯಾನ್ಸರ್ ಪ್ಯಾಕೇಜ್' ಅಂತ ಲ್ಯಾಬ್‌ನವರು ಮಾರುತ್ತಾರಲ್ಲ, ಅದಕ್ಕೆ ಒಂದು ರೂಪಾಯಿಯೂ ಕೊಡಬೇಡಿ. ಶ್ವಾಸಕೋಶದ ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳುವ ರಕ್ತ ಪರೀಕ್ಷೆ ಆ ಪ್ಯಾಕೇಜುಗಳಲ್ಲಿ ಇಲ್ಲ.

ಈಗ ಭಟ್ಟಿಗೆ ಬರೋಣ. ದಾವಣಗೆರೆಯ ಆಜಾದ್ ನಗರ, ಬಾಷಾ ನಗರದ ಕಡೆ ಓಡಾಡಿದವರಿಗೆ ಆ ಕಪ್ಪು ಗೋಡೆಗಳು ಗೊತ್ತು. ಸಂಜೆಯಾದರೆ ನಾವೆಲ್ಲ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತೇವೆ, ಅದನ್ನು ಹುರಿದವರ ಉಸಿರಿಗೆ ಏನಾಯ್ತು ಅಂತ ಕೇಳುವವರು ಕಡಿಮೆ. ಅಲ್ಲಿ ಒಂದಲ್ಲ, ನಾಲ್ಕು ಬಗೆಯ ಅಪಾಯ ಇದೆ.

ಮೊದಲನೆಯದು ಟೈರ್, ಇದೇ ಎಲ್ಲಕ್ಕಿಂತ ಕೆಟ್ಟದ್ದು. ಟೈರಿನಲ್ಲಿ ರಬ್ಬರ್, ಇಂಗಾಲದ ಪುಡಿ, ಎಣ್ಣೆ, ಗಂಧಕ, ಸತು ಎಲ್ಲ ಸೇರಿರುತ್ತದೆ. ಅದು ಸರಿಯಾಗಿ ಗಾಳಿ ಸಿಗದೆ ಅರೆಬರೆ ಉರಿದಾಗ ಬೆಂಜೀನ್, ಬ್ಯುಟಾಡೈಯೀನ್, ಬೆಂಜೋಪೈರೀನ್ ಥರದ ಪಿಎಎಚ್‌ಗಳು (ಹೊಗೆ, ಮಸಿಯಲ್ಲಿರುವ ಒಂದು ಬಗೆಯ ರಾಸಾಯನಿಕಗಳು), ಡಯಾಕ್ಸಿನ್ ಅನ್ನುವ ವಿಷ ಎಲ್ಲ ಬರುತ್ತವೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ, ಬೆಂಜೋಪೈರೀನ್ ಇರುವ ಮಸಿ ಶ್ವಾಸಕೋಶ ಮತ್ತು ಚರ್ಮದ ಕ್ಯಾನ್ಸರ್ ತರುತ್ತದೆ. ಎರಡನೆಯದು ಹೊಟ್ಟು ಮತ್ತು ಸೌದೆಯ ಹೊಗೆ. ಟೈರಿಗಿಂತ ವಾಸಿ, ಆದರೆ ಒಳ್ಳೆಯದೇನಲ್ಲ, ಮುಚ್ಚಿದ ಕೋಣೆಯಲ್ಲಂತೂ ಅಲ್ಲ. ಮೂರನೆಯದು ಹೊಟ್ಟಿನ ಬೂದಿ. ಭತ್ತದ ಹೊಟ್ಟು ಸುಟ್ಟಾಗ ಉಳಿಯುವ ಬೂದಿಯಲ್ಲಿ ಶೇ. 80ಕ್ಕಿಂತ ಜಾಸ್ತಿ ಸಿಲಿಕಾನೇ ಇರುತ್ತದೆ. ಉರಿ ತುಂಬಾ ಜೋರಾಗಿದ್ದರೆ ಅದರಲ್ಲಿ ಒಂದಷ್ಟು ಹರಳಿನ ರೂಪಕ್ಕೆ ತಿರುಗುತ್ತದೆ, ಅಪಾಯ ಆ ಹರಳಿನದು. ನಾಲ್ಕನೆಯದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಮರಳು. ಕಾದ ಮರಳಿನಲ್ಲಿ ಅಕ್ಕಿ ಹಾಕಿ ಅರಳಿಸಿ ಜರಡಿ ಹಿಡಿಯುವ ಕಡೆ, ಅದೇ ಮರಳು ದಿನಗಟ್ಟಲೆ ತಿಕ್ಕಿ ತಿಕ್ಕಿ ಸಣ್ಣ ಪುಡಿಯಾಗಿ ಗಾಳಿಗೆ ಏಳುತ್ತದೆ. ಮರಳು ಅಂದರೆ ಬಹುಪಾಲು ಕ್ವಾರ್ಟ್ಜ್, ಅಂದರೆ ಹರಳು ಸಿಲಿಕಾ. ನಿಮ್ಮ ಮನೆಯವರು ಕ್ರಷರ್ ಬಿಟ್ಟು ಭಟ್ಟಿಗೆ ಬಂದಾಗ ಸಿಲಿಕಾ ಬಿಟ್ಟು ಬಂದೆ ಅಂದುಕೊಂಡಿರಬಹುದು. ಮರಳಿನಲ್ಲಿ ಹುರಿಯುವ ಭಟ್ಟಿಯಾಗಿದ್ದರೆ ಬಿಟ್ಟು ಬಂದಿಲ್ಲ.

ಭಟ್ಟಿಯ ಮಾಡು ಸಿಮೆಂಟ್ ಶೀಟಿನದ್ದಾ ಅಂತಲೂ ನೋಡಿ. ನಮ್ಮ ದೇಶದಲ್ಲಿ ಬಿಳಿ ಆಸ್ಬೆಸ್ಟಾಸ್ (ನಾರಿನಂಥ ಖನಿಜ) ಹಾಕಿದ ಶೀಟು ಈಗಲೂ ಮಾರಾಟವಾಗುತ್ತದೆ. ಸುಮ್ಮನೆ ಮೇಲೆ ಕೂತಿರುವ ಗಟ್ಟಿ ಶೀಟಿನಿಂದ ಅಷ್ಟು ಭಯ ಇಲ್ಲ. ಅದನ್ನು ಗ್ರೈಂಡರ್‌ನಲ್ಲಿ ಕತ್ತರಿಸುವಾಗ, ಒಡೆದು ಬಿಸಾಕುವಾಗ ಏಳುವ ನಾರು ಅಪಾಯದ್ದು.

ಯಾವುದು ಕ್ಯಾನ್ಸರ್ ತರುತ್ತದೆ ಅಂತ ಹೇಳುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯ ಕೆಳಗೆ ಫ್ರಾನ್ಸಿನ ಲಿಯೋನ್ ನಗರದಲ್ಲಿ ಐಎಆರ್‌ಸಿ ಅನ್ನುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇರುವುದನ್ನು ಅವರು ಒಂದನೇ ಗುಂಪಿಗೆ ಸೇರಿಸುತ್ತಾರೆ. ಹರಳು ಸಿಲಿಕಾ ಅಲ್ಲಿಗೆ ಸೇರಿದ್ದು 1997ರಲ್ಲಿ, ಡೀಸೆಲ್ ಹೊಗೆ 2012ರಲ್ಲಿ, ವೆಲ್ಡಿಂಗ್ ಹೊಗೆ 2017ರಲ್ಲಿ. ಮಸಿ, ಆಸ್ಬೆಸ್ಟಾಸ್, ಬೆಂಜೀನ್, ಮರದ ಹೊಟ್ಟು ಎಲ್ಲವೂ ಅದೇ ಗುಂಪಿನವು. ಚನ್ನಗಿರಿ ಕಡೆಯವರಿಗೆ ಬೇಜಾರಾದರೂ ಹೇಳುತ್ತೇನೆ, ಅಡಿಕೆ ಜಗಿಯುವುದೂ ಅದೇ ಗುಂಪು. ಒಂದು ವಿಷಯ ಇಲ್ಲಿ ಸರಿಯಾಗಿ ತಿಳಿಯಬೇಕು. ಈ ಗುಂಪು ಪುರಾವೆ ಎಷ್ಟು ಗಟ್ಟಿ ಅಂತ ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ಒಂದೇ ಗುಂಪಿನಲ್ಲಿವೆ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಸಮ ಅಪಾಯ ಅಲ್ಲ. ಅಪಾಯ ಎಷ್ಟು ಅನ್ನುವುದು ಎಷ್ಟು ಒಳಗೆ ಹೋಯಿತು, ಎಷ್ಟು ವರ್ಷ ಹೋಯಿತು ಅನ್ನುವುದರ ಮೇಲೆ ನಿಂತಿದೆ.

ಮಸಿಯ ವಿಷಯ ಇವತ್ತು ನಿನ್ನೆಯದಲ್ಲ. 1775ರಲ್ಲಿ ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್, ಮನೆಗಳ ಚಿಮಣಿ ಒಳಗೆ ಇಳಿದು ಮಸಿ ಗುಡಿಸುತ್ತಿದ್ದ ಹುಡುಗರಿಗೆ ದೊಡ್ಡವರಾದ ಮೇಲೆ ವೃಷಣಚೀಲದ ಚರ್ಮಕ್ಕೆ ಕ್ಯಾನ್ಸರ್ ಬರುವುದನ್ನು ಗುರುತಿಸಿ ಬರೆದರು. ಕೆಲಸಕ್ಕೂ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ಮೊದಲ ಬರಹಗಳಲ್ಲಿ ಅದೂ ಒಂದು. 250 ವರ್ಷ ಕಳೆದಿದೆ. ಇವತ್ತಿಗೂ ನಮ್ಮೂರಲ್ಲಿ ಮಸಿ ಮೆತ್ತಿಕೊಂಡ ಬನಿಯನ್ನಿನಲ್ಲೇ ಊಟಕ್ಕೆ ಕೂರುವವರಿದ್ದಾರೆ ಅಂದರೆ ನನಗೆ ತುಂಬಾ ಸಂಕಟವಾಗುತ್ತದೆ. ಇಷ್ಟು ಹಳೆಯ ಪಾಠ ಇನ್ನೂ ಆ ಗಲ್ಲಿಗೆ ಮುಟ್ಟಿಲ್ಲವಲ್ಲ.

ಆ ಹುಡುಗರಿಗೆ ಚಿಮಣಿಗೆ ಇಳಿದ ವರ್ಷವೇ ಕ್ಯಾನ್ಸರ್ ಬರಲಿಲ್ಲ ಅನ್ನುವುದನ್ನು ಗಮನಿಸಿ. ಶ್ವಾಸಕೋಶದಂಥ ಅಂಗದ ಕ್ಯಾನ್ಸರ್ ಬರಲು ಹತ್ತರಿಂದ ನಲವತ್ತು ವರ್ಷ ಹಿಡಿಯುತ್ತದೆ. ಬೆಂಜೀನ್‌ನಿಂದ ಬರುವ ರಕ್ತದ ಕ್ಯಾನ್ಸರ್ ಅದಕ್ಕಿಂತ ಬೇಗ ಬರಬಹುದು. ಈ ಅಂತರದಿಂದಲೇ ಕೆಲಸದ ಕ್ಯಾನ್ಸರ್ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಕಾಯಿಲೆ ಬರುವ ಹೊತ್ತಿಗೆ ಮಾಲೀಕ ಬದಲಾಗಿರುತ್ತಾನೆ, ಕ್ರಷರ್ ಮುಚ್ಚಿರುತ್ತದೆ, ಹಾಜರಿ ಪುಸ್ತಕ ಕಳೆದಿರುತ್ತದೆ, ಕಡೆಗೆ ಎಲ್ಲ ಬೀಡಿಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ.

ಹಾಗಂತ ಬೀಡಿಯದು ತಪ್ಪೇ ಇಲ್ಲ ಅನ್ನಲೂ ನಾನು ತಯಾರಿಲ್ಲ. ಧೂಳು ಮತ್ತು ತಂಬಾಕು ಸೇರಿದರೆ ಅಪಾಯ ಬೇರೆಯೇ ಮಟ್ಟಕ್ಕೆ ಹೋಗುತ್ತದೆ. ಅಮೆರಿಕದ ಆಸ್ಬೆಸ್ಟಾಸ್ ಕಾರ್ಮಿಕರ ಮೇಲೆ ನಡೆದ, 1979ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. ಧೂಳೂ ಇಲ್ಲದ ಸಿಗರೇಟೂ ಇಲ್ಲದವರಿಗೆ ಹೋಲಿಸಿದರೆ, ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಆಸ್ಬೆಸ್ಟಾಸ್ ಮಾತ್ರ ಇದ್ದವರಲ್ಲಿ ಸುಮಾರು 5 ಪಟ್ಟು, ಸಿಗರೇಟು ಮಾತ್ರ ಇದ್ದವರಲ್ಲಿ ಸುಮಾರು 11 ಪಟ್ಟು, ಎರಡೂ ಇದ್ದವರಲ್ಲಿ 50 ಪಟ್ಟಿಗೂ ಜಾಸ್ತಿ ಇತ್ತು. ಸಿಲಿಕಾಗೆ ಇದೇ ಅಂಕಿ ಅಂತ ತಿಳಿಯಬೇಡಿ, ಆದರೆ ಅಲ್ಲೂ ತಂಬಾಕು ಸೇರಿದರೆ ಅಪಾಯ ಏರುತ್ತದೆ. ಭಟ್ಟಿ ಬಿಡುವುದು ನಾಳೆಯೇ ಆಗದೇ ಇರಬಹುದು. ಬೀಡಿ ಬಿಡುವುದು ಇವತ್ತಿನಿಂದಲೇ ಶುರು ಮಾಡಬಹುದು, ಅದಕ್ಕೆ ಯಾವ ಮಾಲೀಕನ ಅಪ್ಪಣೆಯೂ ಬೇಕಿಲ್ಲ. ತಂಬಾಕು ಬಿಟ್ಟು ಹತ್ತು ವರ್ಷವಾದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೀಡಿ ಬಿಟ್ಟು ಗುಟ್ಕಾ ಹಿಡಿದರೆ ಏನೂ ಮಾಡಿದ ಹಾಗಾಗಲಿಲ್ಲ. ಒಬ್ಬರೇ ಒದ್ದಾಡುವುದೂ ಬೇಡ, 1800-11-2356 ಸರ್ಕಾರದ ಉಚಿತ ತಂಬಾಕು ಸಹಾಯವಾಣಿ.

ಕೆಲಸ ಬಿಡಿಸಬೇಕಾ? ಸಿಲಿಕೋಸಿಸ್ ಅಂತ ಗೊತ್ತಾದರೆ, ಹೌದು, ಧೂಳಿರುವ ಜಾಗದಿಂದ ಹೊರಗೆ ಬರಲೇಬೇಕು. ಸಿಲಿಕೋಸಿಸ್ ವಾಸಿ ಮಾಡುವ ಔಷಧ ಇಲ್ಲ, ಮತ್ತಷ್ಟು ಧೂಳು ಸೇರದಂತೆ ನೋಡಿಕೊಳ್ಳುವುದೇ ಅದಕ್ಕೆ ಮೊದಲ ಚಿಕಿತ್ಸೆ. ಗೊತ್ತಾಗುವ ತನಕ? ಮನೆಗೆ ದಿನಗೂಲಿಯೇ ಆಧಾರ ಇರುವಾಗ "ನಾಳೆಯಿಂದ ಹೋಗಬೇಡಿ" ಅಂತ ಹೇಳುವುದು ನನಗೆ ಸುಲಭ, ನಿಮಗೆ ಕಷ್ಟ. ಆದ್ದರಿಂದ ಮಾಲೀಕರ ಹತ್ತಿರ ಮೊದಲು ಜಾಗ ಬದಲಿಸಲು ಕೇಳಿ. ಒಲೆ ಬಾಯಿ, ಬೂದಿ ತೆಗೆಯುವುದು, ಜರಡಿ ಈ ಮೂರು ಬಿಟ್ಟು ಚೀಲ ಹೊಲಿಯುವುದು, ಗಾಡಿಗೆ ಹೇರುವುದು, ಲೆಕ್ಕ ಬರೆಯುವುದು, ಏನಾದರೂ ಆಗಲಿ. ಟೈರ್ ಹಾಕುವ ದಿನ ಮಾತ್ರ ಒಳಗೆ ನಿಲ್ಲಲೇಬೇಡಿ. "ಹೇಗೂ ಇಷ್ಟು ವರ್ಷ ಹೋಗಿದೆ, ಈಗ ಬಿಟ್ಟು ಏನು ಪ್ರಯೋಜನ" ಅಂತ ಅವರು ಹೇಳಬಹುದು. ಪ್ರಯೋಜನ ಇದೆ. ಇನ್ನು ಮುಂದೆ ಹೋಗುವ ಪ್ರತಿ ವರ್ಷದ ಧೂಳೂ ಹಳೆಯದರ ಮೇಲೆ ಸೇರುತ್ತಾ ಹೋಗುತ್ತದೆ, ಅದನ್ನು ಎಲ್ಲಿ ನಿಲ್ಲಿಸಿದರೂ ಅಲ್ಲಿಗೆ ಅಷ್ಟು ಕಡಿಮೆ.

ಮಾಸ್ಕ್ ವಿಷಯ. ಟವೆಲ್, ಕರ್ಚೀಫು, ಬಟ್ಟೆ ಮಾಸ್ಕ್, ಆಸ್ಪತ್ರೆಯ ನೀಲಿ ಮಾಸ್ಕ್ ಯಾವುದನ್ನೂ ನಂಬಬೇಡಿ, ಸಣ್ಣ ಕಣಗಳು ಪಕ್ಕದಿಂದ ನುಗ್ಗುತ್ತವೆ. ಬೇಕಾದ್ದು ಎನ್95, ಅಥವಾ ಐಎಸ್ 9473 ಗುರುತಿರುವ ಎಫ್‌ಎಫ್‌ಪಿ2. ಅದೂ ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ, ಗಡ್ಡ ಇದ್ದರೆ ಕೂರುವುದಿಲ್ಲ. ಧೂಳು, ಮಸಿ ತಡೆಯುತ್ತದೆ. ಬೆಂಜೀನ್‌ನಂಥ ಅನಿಲ ತಡೆಯುವುದಿಲ್ಲ, ಅಂದರೆ ಟೈರ್ ಹೊಗೆಗೆ ಇದು ಅರ್ಧ ರಕ್ಷಣೆಯೂ ಅಲ್ಲ. ಮತ್ತೆ ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ, ಉರಿಯುವ ಒಲೆ ಮುಂದೆ, ಎಂಟು ತಾಸು ಎನ್95 ಕಟ್ಟಿಕೊಂಡು ದುಡಿಯಿರಿ ಅಂತ ಹೇಳುವವರು ಒಂದು ತಾಸು ಅಲ್ಲಿ ನಿಂತು ನೋಡಲಿ. ಬೂದಿ ತೆಗೆಯುವಾಗ, ಜರಡಿ ಹಿಡಿಯುವಾಗ, ಗುಡಿಸುವಾಗ ಕಟ್ಟಲಿ, ಅಷ್ಟು ಆಗುವ ಮಾತು. ಉಳಿದದ್ದು ಮಾಸ್ಕಿನಿಂದ ಆಗುವುದಿಲ್ಲ, ಭಟ್ಟಿಯನ್ನೇ ಸರಿ ಮಾಡಬೇಕು.

ಸರಿ ಮಾಡಲು ಆಗದ ವಿಷಯವೇನೂ ಅಲ್ಲ. ಟೈರ್ ಪೂರ್ತಿ ನಿಲ್ಲಬೇಕು, ಅದು ಮೊದಲು. ಉರುವಲು ಹಾಕುವ ಬಾಯಿ ಗೋಡೆಯ ಆಚೆ ಇದ್ದು ಹುರಿಯುವ ಬಾಣಲೆ ಈಚೆ ಇದ್ದರೆ ಹೊಗೆ ಹುರಿಯುವವರ ಮುಖಕ್ಕೆ ಬರುವುದಿಲ್ಲ. ಚಿಮಣಿ ಸುತ್ತಲಿನ ಮನೆಗಳಿಗಿಂತ ಸಾಕಷ್ಟು ಎತ್ತರ ಇರಬೇಕು, ಒಳಗೆ ಕಟ್ಟಿದ ಮಸಿ ಆಗಾಗ ತೆಗೆಸಬೇಕು, ಇಲ್ಲದಿದ್ದರೆ ಹೊಗೆ ವಾಪಸ್ ಒಳಗೇ ತಿರುಗುತ್ತದೆ. ಬಾಣಲೆ ಮೇಲೆ ತಗಡಿನ ಹುಡ್, ಅದಕ್ಕೊಂದು ಹೊರಗೆ ಎಳೆಯುವ ಫ್ಯಾನ್. ಜರಡಿಗೆ ಮುಚ್ಚಳದ ಪೆಟ್ಟಿಗೆ. ಬೂದಿಗೆ ನೀರು ಚಿಮುಕಿಸಿ ಆಮೇಲೆ ತೆಗೆಯುವುದು. ಒಣ ಪೊರಕೆ ಬೇಡ, ನೆಲಕ್ಕೆ ನೀರು ಹಾಕಿ ಗುಡಿಸುವುದು. ಇದರಲ್ಲಿ ಕೆಲವಕ್ಕೆ ದುಡ್ಡು ಬೇಕು, ಕೆಲವಕ್ಕೆ ಒಂದು ಬಕೆಟ್ ನೀರು ಸಾಕು. ಮಾಲೀಕರೂ ಎಷ್ಟೋ ಕಡೆ ಅದೇ ಹೊಗೆಯಲ್ಲಿ ಕೂರುವವರು, ಅವರ ಮಕ್ಕಳೂ ಅದೇ ಗಲ್ಲಿಯಲ್ಲಿ ಆಡುವವರು. ಜಗಳವಾಗಿ ಶುರು ಮಾಡದೆ ಅವರ ಆರೋಗ್ಯದ ಮಾತಾಗಿಯೇ ಶುರು ಮಾಡಿ ನೋಡಿ. ಟೈರ್ ಸುಡುವುದು ನಿಲ್ಲದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ದಾವಣಗೆರೆ ಕಚೇರಿಗೆ ಬರೆಯಿರಿ, ಒಬ್ಬರೇ ಬೇಡ, ಗಲ್ಲಿಯವರು ಹತ್ತಿಪ್ಪತ್ತು ಜನ ಸಹಿ ಹಾಕಿ.

ಬೆಲ್ಲದ ವಿಷಯವನ್ನೂ ಹೇಳಿಬಿಡುತ್ತೇನೆ, ಎಲ್ಲರೂ ಕೇಳುತ್ತಾರೆ. ಸಂಜೆ ಒಂದು ತುಂಡು ಬೆಲ್ಲ, ಒಂದು ಬಾಳೆಹಣ್ಣು ತಿಂದರೆ ಒಳಗಿನ ಧೂಳು ಕರಗಿ ಹೋಗುತ್ತದೆ ಅನ್ನುವ ನಂಬಿಕೆ ಮಿಲ್ಲುಗಳ ಕಾಲದಿಂದ ಇದೆ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಧೂಳು ಶ್ವಾಸಕೋಶದಲ್ಲಿ ಇರುತ್ತದೆ. ದುಡಿದ ಮೈಗೆ ಒಂದಿಷ್ಟು ಶಕ್ತಿ ಸಿಗಬಹುದು, ತಿನ್ನಲಿ. ಆದರೆ ಬೆಲ್ಲ ಕೊಟ್ಟು "ನಾವು ಕಾರ್ಮಿಕರ ಆರೋಗ್ಯ ನೋಡ್ಕೊಳ್ತೀವಿ" ಅಂದರೆ ಒಪ್ಪಬೇಡಿ.

ಮನೆಯಲ್ಲಿ ನೀವು ಮಾಡಬಹುದಾದ ಒಂದು ದೊಡ್ಡ ಕೆಲಸ ಇದೆ. ಭಟ್ಟಿಯ ಬಟ್ಟೆ ಮನೆಯೊಳಗೆ ಬರದಿರಲಿ. ಅಲ್ಲೇ ಬದಲಿಸಿ, ಕೈ ಮುಖ ತೊಳೆದು ಬರಲಿ, ಬಂದ ಕೂಡಲೇ ಸೋಪು ಹಾಕಿ ಸ್ನಾನ. ಆ ಬಟ್ಟೆ ಒದರದೆ ನೀರಿಗೆ ಹಾಕಿ, ಮಕ್ಕಳ ಬಟ್ಟೆ ಜೊತೆ ಸೇರಿಸಬೇಡಿ. ಗಂಡನ ಆಸ್ಬೆಸ್ಟಾಸ್ ಬಟ್ಟೆ ಒಗೆದೇ ಕಾಯಿಲೆ ಬಿದ್ದ ಹೆಂಡತಿಯರ ವಿಷಯ ವೈದ್ಯಕೀಯದಲ್ಲಿ ದಾಖಲಾಗಿದೆ. ಇದರಲ್ಲಿ ನಿಮ್ಮ ಆರೋಗ್ಯವೂ ಇದೆ, ಬರೀ ಅವರದಲ್ಲ.

ಇದೇ ಊರಿನ ಬೇರೆ ಕೆಲಸದವರಿಗೂ ಎರಡು ಮಾತು. ಗ್ಯಾರೇಜಿನವರು ಪೆಟ್ರೋಲಿನಲ್ಲಿ ಕೈ ತೊಳೆಯುವುದು ಬಿಡಿ, ಅದರಲ್ಲಿ ಬೆಂಜೀನ್ ಇದೆ. ಹಳೆ ಇಂಜಿನ್ ಆಯಿಲ್ ಒರೆಸಿದ ಬಟ್ಟೆ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಲಾರಿ ಬಾಡಿ ಕಟ್ಟುವಲ್ಲಿ ವೆಲ್ಡಿಂಗ್, ಸ್ಪ್ರೇ ಪೇಂಟಿಂಗ್ ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ. ಹೊಳಲ್ಕೆರೆ, ಹೊಸದುರ್ಗ ಕಡೆ ಗಣಿಯಲ್ಲಿ ದುಡಿದವರು ಅದಿರಿನ ಕೆಂಪು ಧೂಳು ಮಾತ್ರ ನೋಡಿರುತ್ತಾರೆ, ಆ ಪಟ್ಟೆ ಪಟ್ಟೆ ಬಂಡೆಯಲ್ಲಿ ಕಬ್ಬಿಣದ ಜೊತೆ ಸಿಲಿಕಾನೂ ಇರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗದ ಗಣಿಗಾರಿಕೆ ನಿಲ್ಲಿಸಿದಾಗ ಬೇರೆ ಕೆಲಸಕ್ಕೆ ಹೋದವರಿದ್ದರೆ, ಅವರಿಗೆ ಈಗ ಕೆಮ್ಮು ಇದ್ದರೆ, ಮೇಲೆ ಹೇಳಿದ ಹಾಳೆ ಅವರೂ ಬರೆಯಲಿ.

ಕೊನೆಯದು ಪರಿಹಾರ. ಇಲ್ಲಿ ಕಾನೂನು ಕಾಗದದ ಮೇಲೆ ಚೆನ್ನಾಗಿದೆ, ನಿಮ್ಮ ತನಕ ಬರುವ ದಾರಿ ಕಷ್ಟದ್ದು. ಸಿಲಿಕೋಸಿಸ್ ಮತ್ತು ಕೆಲಸದಿಂದ ಬಂದ ಕ್ಯಾನ್ಸರ್ ಎರಡೂ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿದ್ದವು. ಅಂಥ ಕಾರ್ಮಿಕನಲ್ಲಿ ಕಾಯಿಲೆ ಕಂಡ ಡಾಕ್ಟರು ಕಾರ್ಖಾನೆ ಇಲಾಖೆಗೆ ತಿಳಿಸಬೇಕು ಅಂತಲೇ ನಿಯಮ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಅವುಗಳಲ್ಲೂ ಕಾಯಿಲೆಗಳ ಪಟ್ಟಿ ಇದೆ, ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಮಾತೂ ಇದೆ. ಆದರೆ ನಾಲ್ಕೈದು ಜನ ದುಡಿಯುವ, ಮನೆಯವರೇ ನಡೆಸುವ ಭಟ್ಟಿ 'ಕಾರ್ಖಾನೆ' ಅನ್ನುವ ಲೆಕ್ಕಕ್ಕೇ ಬರುವುದಿಲ್ಲ. ಅತಿ ಹೆಚ್ಚು ಹೊಗೆ ಕುಡಿಯುವವರೇ ಹೀಗೆ ಕಾನೂನಿನ ಆಚೆ ಉಳಿದಿದ್ದಾರೆ, ಇದು ಅನ್ಯಾಯ ಅಂತ ಬಾಯಿಬಿಟ್ಟೇ ಹೇಳುತ್ತೇನೆ.

ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರು ಇದ್ದು, ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದೆಯಾ ವಿಚಾರಿಸಿ. ಕ್ರಷರ್‌ನಲ್ಲಿ ಇದ್ದಾಗ ಇಎಸ್‌ಐ ನಂಬರ್ ಕೊಟ್ಟಿದ್ದರಾ ಅದನ್ನೂ ಹುಡುಕಿ, ಅಲ್ಲಿ ದುಡಿದಿದ್ದಕ್ಕೆ ಅದೊಂದು ಪುರಾವೆ. ಇಎಸ್‌ಐ ಇದ್ದು ಎರಡು ವರ್ಷ ಸೇವೆ, ಬೇಕಾದಷ್ಟು ಕಂತು ಆಗಿದ್ದರೆ, ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ ಸಂಬಳದ ಶೇ. 80ರಷ್ಟು ಭತ್ಯೆ ಸಿಗುತ್ತದೆ, ಗರಿಷ್ಠ ಎರಡು ವರ್ಷದ ತನಕ. ಇಎಸ್‌ಐ ಇಲ್ಲದಿದ್ದರೆ ಬಿಪಿಎಲ್ ಕಾರ್ಡ್ ಇಟ್ಟುಕೊಂಡು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಪಡೆಯಿರಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಸರ್ಕಾರಿ ಆಸ್ಪತ್ರೆಯಿಂದ ಶುರು ಮಾಡಿ ಅಂದಿದ್ದು ಇದಕ್ಕೂ ಸೇರಿಯೇ, ರೆಫರಲ್ ಚೀಟಿ ಅಲ್ಲಿಂದಲೇ ಬರಬೇಕು. ಮಾಲೀಕರಿಂದ ಪರಿಹಾರ ಕೇಳುವ ಹಂತ ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯ ಎಷ್ಟು ಅಂತಲೂ ಕೇಳುವ ಹಾಗಿಲ್ಲ. ಕಾಯಿಲೆ ಗೊತ್ತಾದ ಮೇಲೆ ತಡ ಮಾಡಬೇಡಿ. ಅಲ್ಲಿಯೂ ಮೊದಲು ಕೇಳುವುದು, ಯಾವ ವರ್ಷ ಎಲ್ಲಿ ದುಡಿದರು, ಸಾಕ್ಷಿ ಯಾರು ಅಂತಲೇ. ಕ್ರಷರ್‌ನಲ್ಲಿ ಜೊತೆಗಿದ್ದ ಇಬ್ಬರು ಮೂವರ ಹೆಸರು, ಊರು ನಿಮ್ಮ ಹಾಳೆಯ ಹಿಂದುಗಡೆ ಬರೆದಿಡಿ. ಡಾಕ್ಟರು ಕೇಳಿಸಿಕೊಂಡ ಮೇಲೆ ಕೇಸ್ ಶೀಟಿನಲ್ಲಿ 'ಕೂಲಿ' ಬದಲು 'ಕಲ್ಲು ಕ್ರಷರ್, ಮಂಡಕ್ಕಿ ಭಟ್ಟಿ' ಅಂತ ವರ್ಷದ ಸಮೇತ ಬರೆಸಿ, ಅದರ ಒಂದು ಪ್ರತಿ ಇಸಿದುಕೊಳ್ಳಿ.

ಮತ್ತೆ ಇದೊಂದು ಗಮನದಲ್ಲಿರಲಿ. ಕಫದಲ್ಲಿ ರಕ್ತ ಕಂಡರೆ, ದನಿ ಕೆಟ್ಟು ಮೂರು ವಾರ ಆದರೂ ಸರಿಹೋಗದಿದ್ದರೆ, ತೂಕ ಸುಮ್ನೆ ಇಳಿಯುತ್ತಾ ಹೋದರೆ, ಇಲ್ಲವೇ ಎದೆಯ ಒಂದು ಕಡೆ ನೋವು ಬಿಡದೆ ಇದ್ದರೆ ಅಪಾಯಿಂಟ್‌ಮೆಂಟ್, ಸೋಮವಾರ, ಹಬ್ಬ ಅಂತೆಲ್ಲ ಕಾಯಬೇಡಿ, ಅವತ್ತೇ ಚಿಗಟೇರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇವು ಯಾವುವೂ ಇಲ್ಲದಿದ್ದರೂ ಈ ವಾರದೊಳಗೆ ಎಕ್ಸ್‌ರೇ ಮತ್ತು ಕಫದ ಪರೀಕ್ಷೆ ಆಗಲಿ.